ಝರಿಯಾದಲ್ಲಿ ಒಂದು ಕುಟುಂಬದ ಸಣ್ಣ ಕಲ್ಲಿದ್ದಲು ಗಣಿ: ಮಾಲೀಕರು ಯಾರು, ದುಡಿದವರು ಯಾರು?

ಬಸವನಗುಡಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ನಮ್ಮ ತಾತ, ಅಂದ್ರೆ ಅಮ್ಮನ ತಂದೆ, ಈಗಿನ ಜಾರ್ಖಂಡ್‌ನ ಧನ್‌ಬಾದ್ ಹತ್ತಿರದ ಝರಿಯಾದಲ್ಲಿ ಒಂದು ಸಣ್ಣ ಕೋಲಿಯರಿಯಲ್ಲಿ, ಅಂದ್ರೆ ಕಲ್ಲಿದ್ದಲು ಗಣಿಯಲ್ಲಿ, ಸರ್ವೇಯರ್ ಆಗಿದ್ದರು. ಗಣಿ ಗುಜರಾತಿನ ಕಛ್ ಕಡೆಯ ಒಂದು ಕುಟುಂಬದ್ದು. ಮೊದಲು ಅಣ್ಣತಮ್ಮಂದಿರು, ಆಮೇಲೆ ಅವರ ಮಕ್ಕಳು ನಡೆಸಿದರು. ಇಂದಿರಾ ಗಾಂಧಿ ಸರ್ಕಾರ ಗಣಿಗಳನ್ನೆಲ್ಲ ತಗೊಂಡಾಗ ಅದೂ ಹೋಯಿತು. ತಾತ ಬೆಂಗಳೂರಿಗೆ ವಾಪಸ್ ಬಂದು ಇಲ್ಲೇ ಉಳಿದರು. ಆ ಕುಟುಂಬದವರು ಈಗಲೂ ಇದ್ದಾರೆ. ಅದಕ್ಕೇ ಗಣಿಯ ಹೆಸರು, ಅವರ ಹೆಸರು ಎರಡೂ ಇಲ್ಲಿ ಹಾಕುತ್ತಿಲ್ಲ.

ಆ ಗಣಿಯ ಕಥೆಯನ್ನು ಸರಿಯಾಗಿ ಬರೆದಿಡಬೇಕು ಅಂತ ಆಸೆ. ಟ್ರಂಕಿನಲ್ಲಿ ಸಾಕಷ್ಟು ಕಾಗದ ಇದೆ. ಟ್ರೇಸಿಂಗ್ ಬಟ್ಟೆ ಮೇಲೆ ಇಂಕಿನಲ್ಲಿ ಬಿಡಿಸಿದ ಗಣಿ ನಕ್ಷೆ, ದಿನಕ್ಕೆ ಎಷ್ಟು ಟಬ್ಬು (ಗಣಿಯ ಸಣ್ಣ ತೊಟ್ಟಿ ಗಾಡಿ) ಕಲ್ಲಿದ್ದಲು ಮೇಲೆ ಬಂತು ಅನ್ನೋ ಲೆಕ್ಕದ ಪುಸ್ತಕ, ಒಂದು ಹಾಜರಿ ಪುಸ್ತಕ, ಗುತ್ತಿಗೆ ಪತ್ರದ ನಕಲು, ರಾಯಲ್ಟಿ ರಸೀದಿಗಳು.

ತೊಡಕು ಇರೋದು ಹೆಸರುಗಳಲ್ಲಿ. ರಾಯಲ್ಟಿ ರಸೀದಿ ಕೊಟ್ಟಿರೋದು ಒಬ್ಬರು. ಗುತ್ತಿಗೆ ಪತ್ರದಲ್ಲಿ ಇನ್ನೊಬ್ಬರ ಹೆಸರು. ರೈಲ್ವೆ ವ್ಯಾಗನ್ ಕಾಗದದಲ್ಲಿ ಒಂದು ಕಂಪನಿ ಹೆಸರು. ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ನಾಲ್ಕನೆಯ ಹೆಸರು. ಮನೆಯಲ್ಲಿ ಎಲ್ಲರೂ 'ಆ ಕುಟುಂಬದ ಗಣಿ' ಅಂತಲೇ ಹೇಳುತ್ತಾ ಬಂದಿದ್ದಾರೆ. ಹಾಗಾದರೆ ನಿಜವಾದ ಮಾಲೀಕರು ಯಾರು? ತಿಳಿದವರು ದಾರಿ ತೋರಿಸಿ.

ಜಯನಗರದ ನಿವೃತ್ತ ಮೈನಿಂಗ್ ಇಂಜಿನಿಯರ್

ಅಮ್ಮಾ, ನಾಲ್ಕೂ ಹೆಸರು ಸರಿಯಾಗೇ ಇರಬೇಕು. ನಾನು ಕೆಲಸ ಮಾಡಿದ್ದು ಅದೇ ಧನ್‌ಬಾದ್ ಸೀಮೆಯಲ್ಲಿ. ಅಲ್ಲಿನ ಹಳೇ ಖಾಸಗಿ ಗಣಿಗಳಲ್ಲಿ ಮಾಲೀಕತ್ವ ಒಬ್ಬರ ಕೈಯಲ್ಲಿ ಇದ್ದದ್ದೇ ಕಡಿಮೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಅಂತ ಕಲ್ಲಿದ್ದಲು ತೆಗೆಯಲು ಶುರುವಾದದ್ದು 1774ರಲ್ಲಿ, ಬಂಗಾಳದ ರಾಣಿಗಂಜ್‌ನಲ್ಲಿ. ಆಮೇಲೆ ದ್ವಾರಕಾನಾಥ್ ಟ್ಯಾಗೋರ್, ಅಂದ್ರೆ ಕವಿ ರವೀಂದ್ರರ ತಾತ, ಅಲ್ಲಿ ಗಣಿ ಕೊಂಡರು. ಝರಿಯಾ ಕಣ್ಣಿಗೆ ಬಿದ್ದದ್ದು ತುಂಬ ತಡವಾಗಿ, 1890ರ ದಶಕದಲ್ಲಿ, ರೈಲು ಆ ಕಡೆ ಬಂದ ಮೇಲೆ. ಕಛ್‌ನಿಂದ ರೈಲ್ವೆ ಕಂಟ್ರಾಕ್ಟ್ ಹಿಡಿದು ಬಂದವರು ಅಲ್ಲೇ ಗಣಿಗೆ ಕೈ ಹಾಕಿದರು. ಖೋರಾ ರಾಮ್‌ಜಿ ಚಾವ್ಡಾ ಅವರ ಹೆಸರು ಆ ಸಾಲಿನಲ್ಲಿ ಮೊದಲು ಬರುತ್ತದೆ. ಕಛ್‌ನವರು, ಬಂಗಾಳಿಗಳು, ಮಾರ್ವಾಡಿಗಳು, ಪಂಜಾಬಿಗಳು ಎಲ್ಲರೂ ಅಲ್ಲಿ ಸಣ್ಣ ಸಣ್ಣ ಗಣಿ ಇಟ್ಟುಕೊಂಡಿದ್ದರು.

ಈಗ ನಿಮ್ಮ ಹೆಸರುಗಳಿಗೆ ಬರೋಣ. ಭೂಮಿಯ ಕೆಳಗಿನ ಹಕ್ಕು ಜಮೀನ್ದಾರರದ್ದು. ಝರಿಯಾದಲ್ಲಿ ಹೆಚ್ಚಿನ ಭಾಗ ಅಲ್ಲಿನ ರಾಜಮನೆತನಕ್ಕೆ ಸೇರಿತ್ತು. ಗುತ್ತಿಗೆ ಹಿಡಿಯುವವನು ಮೊದಲು ಸಲಾಮಿ ಅಂತ ಒಂದು ಇಡಿಗಂಟು ಕೊಡಬೇಕು. ಆಮೇಲೆ ಟನ್ನಿಗೆ ಇಷ್ಟು ಅಂತ ರಾಯಲ್ಟಿ. ಕಲ್ಲಿದ್ದಲು ತೆಗೆಯದೆ ಸುಮ್ನೆ ಕೂತರೂ ಕನಿಷ್ಠ ರಾಯಲ್ಟಿ ಅಂತ ಕಟ್ಟಲೇಬೇಕು. ಗುತ್ತಿಗೆ ಹಿಡಿದವನು ಅದನ್ನೇ ತುಂಡು ಮಾಡಿ ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುತ್ತಿದ್ದ. ಆ ಇನ್ನೊಬ್ಬರು ನಾಲ್ಕು ಜನ ಸೇರಿ ಆಣೆ ಲೆಕ್ಕದಲ್ಲಿ, ಪೂರ್ತಿ ಗಣಿ ಅಂದ್ರೆ 16 ಆಣೆ ಅಂತ, ಪಾಲು ಮಾಡಿಕೊಂಡು ಒಂದು ಕಂಪನಿ ಹೆಸರು ಇಟ್ಟುಕೊಳ್ಳುತ್ತಿದ್ದರು. ಒಬ್ಬನಿಗೆ 6 ಆಣೆ, ಇನ್ನೊಬ್ಬನಿಗೆ 4 ಆಣೆ, ಹೀಗೆ. ನಮ್ಮ ಶ್ರೀನಿವಾಸಪುರದ ಮಾವಿನ ತೋಪು ನೆನಪಿಸಿಕೊಳ್ಳಿ. ತೋಟ ಒಬ್ಬರದು, ಫಸಲು ಹಿಡಿದವರು ಇನ್ನೊಬ್ಬರು, ಕೀಳುವ ಆಳುಗಳನ್ನು ಕರೆತರುವವರು ಮತ್ತೊಬ್ಬರು.

ಹಾಜರಿ ಪುಸ್ತಕದ ನಾಲ್ಕನೇ ಹೆಸರು ರೇಜಿಂಗ್ (raising) ಕಂಟ್ರಾಕ್ಟರ್‌ನದು ಇರಬೇಕು. ಟನ್ನಿಗೆ ಇಷ್ಟು ಅಂತ ಮಾತಾಡಿಕೊಂಡು ಕಲ್ಲಿದ್ದಲು ಮೇಲೆ ತಂದುಕೊಡುವವನು ಅವನು. ಕೂಲಿಯವರನ್ನು ಹಳ್ಳಿಗಳಿಂದ ಕರೆತರುವವನು, ಮುಂಗಡ ಕೊಡುವವನು, ಬಟವಾಡೆ ಮಾಡುವವನು ಎಲ್ಲ ಅವನೇ. ಗಣಿ ಮಾಲೀಕನಿಗೆ ತನ್ನ ಗಣಿಯಲ್ಲಿ ಯಾರು ದುಡಿಯುತ್ತಿದ್ದಾರೆ ಅಂತ ತಿಳಿಯದೇ ಇರಬಹುದಿತ್ತು. ತಿಳಿದುಕೊಳ್ಳಬೇಕಾದ ಅಗತ್ಯವೂ ಅವನಿಗೆ ಇರಲಿಲ್ಲ.

ಆದ್ದರಿಂದ ಆ ಕುಟುಂಬದ ಕಥೆ ಬರೆಯುವಾಗ ಈ ನಾಲ್ಕು ಹೆಸರಿಗೂ ಜಾಗ ಕೊಡಿ. ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಕೆಜಿಎಫ್ ಹುಡುಗ, ಈಗ ಕೆ.ಆರ್. ಪುರ

ಓದಿ ಖುಷಿಯಾಯ್ತು ಅಕ್ಕ. ನಮ್ಮ ಕಡೆ ಕಥೆ ಪೂರ್ತಿ ಬೇರೆ. ಕೋಲಾರದ ಚಿನ್ನದ ಗಣಿಯನ್ನು ಜಾನ್ ಟೇಲರ್ ಕಂಪನಿ ನಡೆಸಿತು, 1956ರಲ್ಲಿ ಮೈಸೂರು ಸರ್ಕಾರ ತಗೊಂಡಿತು, 2001ರಲ್ಲಿ ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ. ಅಷ್ಟು ಆಳಕ್ಕೆ ಹೋಗಬೇಕಾದರೆ ಕುಟುಂಬದವರು ನಡೆಸೋ ಮಾತೇ ಇಲ್ಲ. ಕಲ್ಲಿದ್ದಲು ಹೇಗೆ ಒಂದು ಮನೆಯವರ ಕೈಯಲ್ಲಿ ನಡೆಯುತ್ತಿತ್ತು ಸಾರ್?

ಜಯನಗರದ ನಿವೃತ್ತ ಮೈನಿಂಗ್ ಇಂಜಿನಿಯರ್

ಒಳ್ಳೇ ಪ್ರಶ್ನೆ. ಝರಿಯಾದ ಬರಾಕರ್ ಅನ್ನುವ ಕಲ್ಲಿನ ಪದರದಲ್ಲಿ ಮುಖ್ಯವಾಗಿ 18 ಸೀಮ್‌ಗಳಿವೆ, ಸೀಮ್ ಅಂದ್ರೆ ಕಲ್ಲಿದ್ದಲಿನ ಪಟ್ಟೆ. ನಂಬರ್ ಕೊಟ್ಟಿರುವುದು ಕೆಳಗಿನಿಂದ ಮೇಲಕ್ಕೆ. ಕೆಲವು ಕಡೆ ಸೀಮ್ ನೆಲದ ಮಟ್ಟಕ್ಕೇ ಬಂದು ಕಾಣಿಸುತ್ತದೆ. ಅಲ್ಲಿಂದ ಇಳಿಜಾರಾಗಿ ಒಂದು ದಾರಿ ಕೊರೆದುಕೊಂಡು ಹೋದರಾಯಿತು. ದೊಡ್ಡ ಯಂತ್ರ ಬೇಡ. ಹಾರೆ, ಪಿಕಾಸಿ, ಬುಟ್ಟಿ, ಕೆಲವು ಟಬ್ಬು, ಒಂದು ಉಗಿ ಇಂಜಿನ್ ಇದ್ದರೆ ಗಣಿ ಶುರು. ಬಂಡವಾಳ ಕಡಿಮೆ, ಅದಕ್ಕೇ ಸಣ್ಣವರೂ ಬಂದರು.

ಒಳಗಿನ ಕೆಲಸ ಬೋರ್ಡ್ ಅಂಡ್ ಪಿಲ್ಲರ್ ಪದ್ಧತಿ. ಅಡ್ಡ ಉದ್ದ ಗ್ಯಾಲರಿ, ಅಂದ್ರೆ ಸುರಂಗ ದಾರಿ, ಕೊರೆದು, ನಡುವೆ ಕಲ್ಲಿದ್ದಲಿನ ಚೌಕಾಕಾರದ ಕಂಬಗಳನ್ನು ಬಿಡುವುದು. ಮೇಲಿನ ನೆಲವನ್ನು ಹೊರುವುದು ಆ ಕಂಬಗಳೇ. 1957ರ ಕಲ್ಲಿದ್ದಲು ಗಣಿ ನಿಯಮಗಳ ಪ್ರಕಾರ ಗ್ಯಾಲರಿ 4.8 ಮೀಟರ್‌ಗಿಂತ ಅಗಲ ಇರಬಾರದಿತ್ತು, 3 ಮೀಟರ್‌ಗಿಂತ ಎತ್ತರ ಇರಬಾರದಿತ್ತು. ಆಳ ಹೆಚ್ಚಾದಷ್ಟೂ ಕಂಬ ದಪ್ಪ ಬಿಡಬೇಕು.

ಕಂಬ ಅಂದ್ರೆ ಕಣ್ಣೆದುರಿಗಿರುವ ದುಡ್ಡು. ಹೊಸದಾಗಿ ಕೊರೆಯುವ ಖರ್ಚಿಲ್ಲ. ಬೆಲೆ ಏರಿದಾಗ, ಸಾಲಗಾರ ಬಾಗಿಲಿಗೆ ಬಂದಾಗ, ಗುತ್ತಿಗೆ ಮುಗಿಯುತ್ತಾ ಬಂದಾಗ, ಕಂಬವನ್ನೇ ಸವರುವ ಆಸೆ ಹುಟ್ಟುತ್ತಿತ್ತು. ಅದನ್ನು ಬೇಡ ಅನ್ನಬೇಕಾದವನು ಮ್ಯಾನೇಜರ್. ಅವನಿಗೆ ಸಂಬಳ ಕೊಡುವವನು ಮಾಲೀಕ. ಯೋಚನೆ ಮಾಡಿ.

ಮಲ್ಲೇಶ್ವರದ ವಕೀಲ

ಮೇಡಂ, ಕಾಗದ ಹುಡುಕೋ ದಾರಿ ಹೇಳುತ್ತೇನೆ.

ಮೊದಲು 1972ರ ಕೋಕಿಂಗ್ ಕಲ್ಲಿದ್ದಲು (ಉಕ್ಕು ಮಾಡಲು ಬೇಕಾದ ಕಲ್ಲಿದ್ದಲು) ಗಣಿ ರಾಷ್ಟ್ರೀಕರಣ ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಅದರಲ್ಲಿ ಒಂದೊಂದು ಗಣಿಯ ಹೆಸರು, ಇದ್ದ ಜಾಗ, ಮಾಲೀಕರ ಹೆಸರು ವಿಳಾಸ, ಸರ್ಕಾರ ಕೊಡಬೇಕಾದ ಮೊತ್ತ ಎಲ್ಲ ಸಾಲಾಗಿ ಇದೆ. 214 ಗಣಿ, 12 ಕೋಕ್ ಒಲೆ ಘಟಕಗಳು. ಕೇಂದ್ರ ಸರ್ಕಾರದ ಕಾಯ್ದೆಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಿಮ್ಮದು ಕೋಕಿಂಗ್ ಅಲ್ಲದ ಗಣಿ ಆಗಿದ್ದರೆ 1973ರ ಕಾಯ್ದೆ ನೋಡಬೇಕು, ಅದರಲ್ಲಿ 711 ಗಣಿಗಳಿವೆ. ಕಾನೂನಿನ ಕಣ್ಣಿನಲ್ಲಿ ಕೊನೆಯ ಮಾಲೀಕ ಯಾರು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಸಿಗೋದು ಕಷ್ಟ.

ಹಳೇ ಪತ್ರ ಹುಡುಕುವಾಗ ಒಂದು ವಿಷಯ ನೆನಪಿಡಿ. ಧನ್‌ಬಾದ್ ಸ್ವಂತ ಜಿಲ್ಲೆ ಆಗಿದ್ದು 1956ರಲ್ಲಿ. ಅದಕ್ಕೆ ಮುಂಚೆ ಅದು ಮಾನಭೂಮ್ ಜಿಲ್ಲೆಯ ಭಾಗ, ಜಿಲ್ಲಾ ಕೇಂದ್ರ ಪುರುಲಿಯಾ. ಅದೇ ವರ್ಷ ಪುರುಲಿಯಾ ಪಶ್ಚಿಮ ಬಂಗಾಳಕ್ಕೆ ಹೋಯಿತು, ಧನ್‌ಬಾದ್ ಬಿಹಾರದಲ್ಲೇ ಉಳಿಯಿತು. 2000ದಲ್ಲಿ ಜಾರ್ಖಂಡ್ ಆಯಿತು. ಒಂದೇ ಗಣಿಯ ಕಾಗದ ಪುರುಲಿಯಾ, ಧನ್‌ಬಾದ್, ಪಾಟ್ನಾ, ರಾಂಚಿ ಎಲ್ಲಿ ಬೇಕಾದರೂ ಇರಬಹುದು. ಧನ್‌ಬಾದ್‌ನಲ್ಲಿ ಇಲ್ಲ ಅಂದರು ಅಂತ ಕೈಬಿಡಬೇಡಿ.

ಇನ್ನೊಂದು. 1950ರ ಬಿಹಾರ ಭೂಸುಧಾರಣಾ ಕಾಯ್ದೆ ಬಂದ ಮೇಲೆ ಜಮೀನ್ದಾರರ ಖನಿಜ ಹಕ್ಕು ರಾಜ್ಯ ಸರ್ಕಾರಕ್ಕೆ ಹೋಯಿತು. ನಡೆಯುತ್ತಿದ್ದ ಗುತ್ತಿಗೆಗಳು ಮಾತ್ರ ನಿಲ್ಲಲಿಲ್ಲ, ಸರ್ಕಾರವೇ ಕೊಟ್ಟ ಗುತ್ತಿಗೆ ಅನ್ನೋ ಹಾಗೆ ಮುಂದುವರಿದವು. ನಿಮ್ಮ ರಾಯಲ್ಟಿ ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಒಂದು ಹಂತದಲ್ಲಿ ರಸೀದಿ ಕೊಡುವ ಕೈ ಬದಲಾಗಿರುತ್ತದೆ.

ದೇವನಹಳ್ಳಿ ರೈತ

ನಮ್ಮ ಮನೆಯವರು ಹಿಂದೆ ಸ್ವಂತ ಜಮೀನಿನಲ್ಲಿ ಕಲ್ಲು ಕ್ವಾರಿ ನಡೆಸಿದವರು. ಪಹಣಿ ನಮ್ಮ ಹೆಸರಲ್ಲೇ ಇದೆ. ಆದ್ರೂ ಲೈಸೆನ್ಸ್ ಇಲ್ಲದೆ ಒಂದು ಚಪ್ಪಡಿ ಎತ್ತೋ ಹಾಗಿಲ್ಲ, ಎತ್ತಿದ್ದಕ್ಕೆ ಸರ್ಕಾರಕ್ಕೆ ರಾಜಧನ ಕಟ್ಟಬೇಕು. ಭೂಮಿ ನಮ್ಮದು ಅಂದಮೇಲೆ ಕೆಳಗಿರೋ ಕಲ್ಲು ಯಾರದು ಸಾರ್?

ಮಲ್ಲೇಶ್ವರದ ವಕೀಲ

ಅಣ್ಣ, ಇದೇ ಪ್ರಶ್ನೆ ಕೇರಳದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಲಬಾರಿನ ಜನ್ಮಂ ಭೂಮಿಯ, ಅಂದ್ರೆ ಪೂರ್ತಿ ಸ್ವಂತ ಒಡೆತನದ ಭೂಮಿಯ, ಆ ಪ್ರಕರಣದಲ್ಲಿ 2013ರಲ್ಲಿ ಕೋರ್ಟ್ ಹೇಳಿದ್ದು, ಬೇರೆ ಕಾನೂನು ಕಿತ್ತುಕೊಳ್ಳದಿದ್ದರೆ ಕೆಳಗಿನ ಖನಿಜವೂ ಭೂಮಿಯ ಒಡೆಯನದೇ ಅಂತ. ಆದರೆ ಒಡೆತನ ಬೇರೆ, ತೆಗೆಯೋ ಅನುಮತಿ ಬೇರೆ.

ಕಲ್ಲಿದ್ದಲಿನಲ್ಲಿ ಇದಕ್ಕೆ ಮೇಘಾಲಯ ಒಳ್ಳೇ ಉದಾಹರಣೆ. ಅಲ್ಲಿ ಭೂಮಿ ಕುಟುಂಬಗಳದ್ದು, ಕುಲಗಳದ್ದು. ಈಗಲೂ ಮನೆಯವರ ಗಣಿ ಅನ್ನೋ ಮಾತು ಅಲ್ಲಿದೆ. ಇಲಿ ಬಿಲದಂಥ ಸಣ್ಣ ಸುರಂಗಗಳಲ್ಲಿ ತೆವಳಿಕೊಂಡು ಹೋಗಿ ಕಲ್ಲಿದ್ದಲು ತೆಗೆಯುತ್ತಿದ್ದರು. 2014ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧಿಸಿತು. ಆದರೂ ನಿಲ್ಲಲಿಲ್ಲ. 2018ರ ಡಿಸೆಂಬರ್‌ನಲ್ಲಿ ಕ್ಸಾನ್ ಅನ್ನೋ ಕಡೆ ನೀರು ನುಗ್ಗಿ 15 ಜನ ಒಳಗೇ ಸಿಕ್ಕಿಬಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನವರ ಒಡೆತನ ಒಪ್ಪಿತು, ಆದರೆ ಗಣಿ ಕಾಯ್ದೆಯ ಪ್ರಕಾರ ಗುತ್ತಿಗೆ ಪಡೆಯದೆ ತೆಗೆಯೋ ಹಾಗಿಲ್ಲ ಅಂತ ಹೇಳಿತು.

ಯಶವಂತಪುರ ವ್ಯಾಪಾರಿ

ಎಲ್ಲರೂ ಕಾನೂನು ಮಾತಾಡ್ತಾ ಇದ್ದೀರಿ. ಆ ಕುಟುಂಬದ ಕಡೆಯಿಂದಲೂ ಸ್ವಲ್ಪ ನೋಡಿ. ಊರು ಬಿಟ್ಟು ಬಂದು, ಸಾಲ ಮಾಡಿ, ತಲೆಮಾರುಗಟ್ಟಲೆ ಕಷ್ಟಪಟ್ಟು ನಡೆಸಿದ ಗಣಿ. ಒಂದು ಸುಗ್ರೀವಾಜ್ಞೆ ಬಂದು ಕೈಯಿಂದ ಹೋಯಿತು. ದೊಡ್ಡ ಸ್ಟೀಲ್ ಕಂಪನಿಗೆ ಅದರ ಗಣಿ ಉಳಿಯಿತು, ಸಣ್ಣವರದು ಹೋಯಿತು. ಇದು ನ್ಯಾಯನಾ?

ಜಯನಗರದ ನಿವೃತ್ತ ಮೈನಿಂಗ್ ಇಂಜಿನಿಯರ್

ನಿಮ್ಮ ನೋವು ಅರ್ಥ ಆಗುತ್ತದೆ. ಸಣ್ಣ ಮಾಲೀಕರ ಕಷ್ಟ ಸುಳ್ಳಲ್ಲ. ವ್ಯಾಗನ್ ಸಿಗದೆ ಅವರ ಕಲ್ಲಿದ್ದಲು ಗಣಿ ಬಾಯಲ್ಲೇ ರಾಶಿ ಬಿದ್ದಿರುತ್ತಿತ್ತು. ರೈಲ್ವೆ ಸೈಡಿಂಗ್, ಅಂದ್ರೆ ಗಣಿಯವರೆಗೆ ಬರುವ ರೈಲು ಹಳಿ, ಇದ್ದ ದೊಡ್ಡ ಕಂಪನಿಗಳಿಗೆ ವ್ಯಾಗನ್ ಮೊದಲು. ಬೆಲೆ ಕೂಡ 1967ರವರೆಗೆ ಸರ್ಕಾರವೇ ಕಟ್ಟಿಹಾಕಿತ್ತು. ತಾತನ ಲೆಕ್ಕದ ಪುಸ್ತಕದಲ್ಲಿ ಮೇಲೆ ಬಂದ ಕಲ್ಲಿದ್ದಲು ಜಾಸ್ತಿ, ಸಾಗಿಸಿದ್ದು ಕಡಿಮೆ ಇರುವ ತಿಂಗಳು ಕಂಡರೆ ಕಾರಣ ಬಹುತೇಕ ಅದೇ.

ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಝರಿಯಾದಲ್ಲಿ ಮೊದಲ ಬೆಂಕಿ ಪತ್ತೆಯಾಗಿದ್ದು 1916ರಲ್ಲಿ. ಇವತ್ತಿಗೂ ಅಲ್ಲಿ ನೆಲದಡಿ ಉರಿಯುತ್ತಿದೆ. ಕಂಬ ಸವರಿ, ಖಾಲಿಯಾದ ಜಾಗಕ್ಕೆ ಮರಳು ತುಂಬದೆ ಬಿಟ್ಟು ಹೋದ ಕಡೆ ಗಾಳಿ ನುಗ್ಗಿ ಬೆಂಕಿ ಹಿಡಿಯುತ್ತದೆ. ಮರಳು ತುಂಬಿಸುವುದಕ್ಕೆ ಅಂತಲೇ 1939ರಲ್ಲಿ ಕಾಯ್ದೆ ಬಂತು. ಚೆನ್ನಾಗಿರುವ ಸೀಮ್ ಮಾತ್ರ ಬಾಚಿಕೊಂಡು ಉಳಿದದ್ದನ್ನು ಹಾಳು ಮಾಡುವ ಚಾಳಿ ನಿಲ್ಲಲಿಲ್ಲ. ಉಕ್ಕು ಮಾಡಲು ಬೇಕಾದ ಒಳ್ಳೆಯ ಕೋಕಿಂಗ್ ಕಲ್ಲಿದ್ದಲು ನಮ್ಮ ದೇಶದಲ್ಲಿ ಇರುವುದೇ ಕಡಿಮೆ, ಅದರಲ್ಲಿ ಹೆಚ್ಚಿನದು ಅಲ್ಲೇ. 1965ರ ಮೇ ತಿಂಗಳಲ್ಲಿ ಧೋರಿ ಅನ್ನುವ ಖಾಸಗಿ ಗಣಿಯಲ್ಲಿ ಸ್ಫೋಟವಾಗಿ 268 ಜನ ಸತ್ತರು. ವೇತನ ಮಂಡಳಿ ಹೇಳಿದ ಕೂಲಿಯನ್ನು ಎಷ್ಟೋ ಮಾಲೀಕರು ಕೊಡಲೇ ಇಲ್ಲ. ಪಿಎಫ್ ಹಣ ಕಟ್ಟದವರೂ ಇದ್ದರು.

1971ರ ಅಕ್ಟೋಬರ್ 17ರಂದು ಕೋಕಿಂಗ್ ಗಣಿಗಳ ಆಡಳಿತ ಸರ್ಕಾರ ತಗೊಂಡಿತು, 1972ರ ಮೇ 1ರಿಂದ ಒಡೆತನವೂ ಹೋಯಿತು. ಕೋಲ್ ಇಂಡಿಯಾ ಹುಟ್ಟಿದ್ದು 1975ರಲ್ಲಿ. ಸರ್ಕಾರದ ಕೈಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಅಲ್ಲಿನ ಮಾಫಿಯಾ ಕಣ್ಣಾರೆ ಕಂಡಿದ್ದೇನೆ. ಆದರೆ ಬಹುಪಾಲು ಗಣಿ ಕೆಲಸಗಾರರಿಗೆ ಖಾಯಂ ನೌಕರಿ, ಪಿಎಫ್, ಮನೆ, ಆಸ್ಪತ್ರೆ ಸರಿಯಾಗಿ ಸಿಗತೊಡಗಿದ್ದು ಆಮೇಲೆಯೇ.

ಯಶವಂತಪುರ ವ್ಯಾಪಾರಿ

ಒಪ್ಪಿದೆ ಸಾರ್. ಆದರೂ ಪರಿಹಾರ ಎಷ್ಟು ಕೈಗೆ ಬಂತು ಅಂತ ಆ ಮನೆಯವರನ್ನೇ ಕೇಳಬೇಕು.

ಮಲ್ಲೇಶ್ವರದ ವಕೀಲ

ಅದಕ್ಕೆ ಪಾವತಿ ಆಯುಕ್ತರು ಅಂತ ಇದ್ದರು. ಅನುಸೂಚಿಯ ಮೊತ್ತ ಅವರ ಹತ್ತಿರ ಹೋಗುತ್ತಿತ್ತು, ಮಾಲೀಕನ ಮೇಲೆ ಬಾಕಿ ಇದ್ದವರೆಲ್ಲ ಅಲ್ಲಿ ಕ್ಲೇಮ್ ಹಾಕಬೇಕಿತ್ತು. ಕೂಲಿ ಬಾಕಿ, ಪಿಎಫ್ ಬಾಕಿ ಇಂಥವು ಮೊದಲು. ಕೊನೆಗೆ ಉಳಿದರೆ ಮಾಲೀಕನಿಗೆ. ಆ ಕ್ಲೇಮ್ ಆದೇಶ ಆ ಕುಟುಂಬದ ಹತ್ತಿರ ಇದ್ದರೆ ಕೇಳಿ ನೋಡಿ ಮೇಡಂ. ಗಣಿ ಯಾರಿಗೆ ಎಷ್ಟು ಬಾಕಿ ಇಟ್ಟಿತ್ತು ಅನ್ನೋದು ಅದರಲ್ಲಿ ಗೊತ್ತಾಗುತ್ತದೆ.

ವಿಜಯನಗರ ಟೀಚರ್

ನನಗೆ ಆ ಹಾಜರಿ ಪುಸ್ತಕದ ಬಗ್ಗೆ ಕುತೂಹಲ. ಅದರಲ್ಲಿ ಹೆಂಗಸರ ಹೆಸರು ಇದೆಯಾ? ಝರಿಯಾದಲ್ಲಿ ಗಂಡ ಕಲ್ಲಿದ್ದಲು ಕಡಿದರೆ ಹೆಂಡತಿ ಬುಟ್ಟಿಯಲ್ಲಿ ಹೊತ್ತು ಟಬ್ಬಿಗೆ ತುಂಬುತ್ತಿದ್ದಳು ಅಂತ ಓದಿದ್ದೇನೆ. 1929ರ ನಿಯಮಗಳಿಂದ ಹೆಂಗಸರನ್ನು ಗಣಿಯ ಒಳಗಿನ ಕೆಲಸದಿಂದ ಹಂತ ಹಂತವಾಗಿ ಬಿಡಿಸಿದರು. ಯುದ್ಧದ ಕಾಲದಲ್ಲಿ ಆಳು ಸಾಲದೆ 1943ರಲ್ಲಿ ಮತ್ತೆ ಇಳಿಸಿದರು, 1946ರಲ್ಲಿ ಮತ್ತೆ ನಿಲ್ಲಿಸಿದರು. ಬೇಕಾದಾಗ ಕರೆದು ಬೇಡವಾದಾಗ ಕಳಿಸಿದರು. 2019ರಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಕ್ಕೆ ಹೆಂಗಸರು ಒಳಗೆ ಇಳಿಯಲು ಮತ್ತೆ ಅನುಮತಿ ಕೊಟ್ಟರು.

ಬಸವನಗುಡಿ ಮೊಮ್ಮಗಳು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅನುಸೂಚಿ ಸಿಕ್ಕಿತು. ಗಣಿ ಹೆಸರೂ ಇದೆ! ಮಾಲೀಕರ ಜಾಗದಲ್ಲಿರೋದು ಆ ಕುಟುಂಬದ ಹೆಸರಲ್ಲ, ವ್ಯಾಗನ್ ಕಾಗದದಲ್ಲಿದ್ದ ಅದೇ ಕಂಪನಿ, ಕಲ್ಕತ್ತಾ ವಿಳಾಸ. ಕುಟುಂಬದವರಿಗೆ ಫೋನ್ ಮಾಡಿದೆ. ಕಂಪನಿಯಲ್ಲಿ ಅವರದು 6 ಆಣೆ ಪಾಲು ಮಾತ್ರ, ಉಳಿದ ಪಾಲುದಾರರು ಕಲ್ಕತ್ತಾದಲ್ಲಿದ್ದರು ಅಂತ ಹಿರಿಯರು ಹೇಳಿದರು. ಗಣಿಯ ಮೇಲೆ ನಿಂತು ನಡೆಸುತ್ತಿದ್ದವರು ಇವರು. ಅದಕ್ಕೇ ಊರಿಗೆಲ್ಲ ಅದು ಇವರ ಗಣಿ.

ರಸೀದಿಗಳನ್ನು ಜೋಡಿಸಿದೆ. ವಕೀಲರು ಹೇಳಿದ ಹಾಗೇ ಐವತ್ತರ ದಶಕದಲ್ಲಿ ರಾಜಮನೆತನದ ಕಚೇರಿಯ ಮುದ್ರೆ ಹೋಗಿ ಬಿಹಾರ ಸರ್ಕಾರದ್ದು ಬಂದಿದೆ.

ಟೀಚರ್, ಹಾಜರಿ ಪುಸ್ತಕ ಅರವತ್ತರ ದಶಕದ್ದು. ಹೆಂಗಸರಿದ್ದಾರೆ, ಆದರೆ ಎಲ್ಲ ಗಣಿ ಮೇಲಿನ ಕೆಲಸದವರು. ವ್ಯಾಗನ್ ತುಂಬುವವರು, ಕಲ್ಲು ಆರಿಸುವವರು. ಪ್ರತಿ ಹೆಸರಿನ ಮುಂದೆ ಊರು ಬರೆದಿದ್ದಾರೆ. ಸಹಿ ಜಾಗದಲ್ಲಿ ಬಹುಪಾಲು ಹೆಬ್ಬೆಟ್ಟು. ಇಂಕು ಜಾಸ್ತಿಯಾಗಿ ಕೆಲವು ಗುರುತು ಬರೀ ಕಪ್ಪು ಮಚ್ಚೆ ಆಗಿವೆ, ಕೆಲವದರಲ್ಲಿ ಗೆರೆ ಗೆರೆಯೂ ಕಾಣುತ್ತದೆ. ಪ್ರತಿ ವಾರ 'ಮುಂಗಡ ಮುರಿದದ್ದು' ಅಂತ ಒಂದು ಕಾಲಂ. ಕೆಲವರಿಗೆ ಮುಂಗಡ ಮುರಿದ ಮೇಲೆ ಕೈಗೆ ಬಂದದ್ದು ಚಿಲ್ಲರೆ ಕಾಸು. ಅದನ್ನು ನೋಡಿ ತುಂಬ ಹೊತ್ತು ಸಂಕಟ ಆಯಿತು.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಬರೆಯುವಾಗ ಮಾಲೀಕರ ವಂಶಾವಳಿಗೆ ಎಷ್ಟು ಪುಟವೋ ಈ ಹಾಜರಿ ಪುಸ್ತಕಕ್ಕೂ ಅಷ್ಟೇ ಪುಟ. ಹೆಸರು ಮತ್ತು ಊರು ಪೂರ್ತಿ ಪಟ್ಟಿ ಮಾಡಿ ಕೊನೆಯಲ್ಲಿ ಹಾಕುತ್ತೇನೆ. ಅವರ ಮೊಮ್ಮಕ್ಕಳು ಯಾರಾದರೂ ಹುಡುಕುತ್ತಿರಬಹುದು, ಅಲ್ವಾ?

ಇಂಜಿನಿಯರ್ ಸಾರ್, ನಕ್ಷೆಯಲ್ಲಿ 14ನೇ ಸೀಮ್ ಅಂತ ಇದೆ. ಗ್ಯಾಲರಿಗಳ ತುದಿಯಲ್ಲಿ ಮೂರು ಮೂರು ತಿಂಗಳ ತಾರೀಕು ಹಾಕಿದ್ದಾರೆ. ಬಲಗಡೆ ಮೂಲೆಯಲ್ಲಿ ನೀಲಿ ಬಣ್ಣ ಬಳಿದು ತಾತನ ಅಕ್ಷರದಲ್ಲಿ 'ನೀರು' ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಅದರ ಪಕ್ಕ ಕಂಪನಿಯ ಗಡಿ ಗೆರೆ. ಇದೇನು?

ಜಯನಗರದ ನಿವೃತ್ತ ಮೈನಿಂಗ್ ಇಂಜಿನಿಯರ್

ಅಮ್ಮಾ, ಈ ಒಂದು ವಿಷಯ ದಯವಿಟ್ಟು ತಡ ಮಾಡಬೇಡಿ.

ಆ ನೀಲಿ ಬಣ್ಣ ಅಂದ್ರೆ ಹಳೇ ಗ್ಯಾಲರಿಗಳಲ್ಲಿ ನೀರು ನಿಂತಿದೆ ಅಂತ. ಆ ನೀರು ಈಗಲೂ ಅಲ್ಲೇ ಇರಬಹುದು. ಸಣ್ಣ ಗಣಿಗಳು ಒಂದರ ಪಕ್ಕ ಒಂದು ಇದ್ದವು. ನಡುವೆ ಬಿಟ್ಟ ಕಲ್ಲಿದ್ದಲಿನ ಗೋಡೆ ಎಷ್ಟು ದಪ್ಪ ಉಳಿದಿದೆ ಅನ್ನೋದು ನಕ್ಷೆ ನೋಡಿಯೇ ತಿಳಿಯಬೇಕು. ನಕ್ಷೆ ತಪ್ಪಾಗಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಝರಿಯಾದ ಬಾಗ್‌ಡಿಗಿ ಗಣಿಯ ಉದಾಹರಣೆ ಇದೆ. 2001ರ ಫೆಬ್ರುವರಿ 2ರಂದು ಅಲ್ಲಿ ಪಕ್ಕದ ಹಳೇ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 29 ಜನ ಸತ್ತರು. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಾಸ್‌ನಾಲಾ ಗಣಿಯಲ್ಲೂ ನುಗ್ಗಿದ್ದು ಹಳೇ ಕೆಲಸದ ಜಾಗದಲ್ಲಿ ತುಂಬಿದ್ದ ನೀರೇ. ಅಲ್ಲಿ 370ಕ್ಕೂ ಜಾಸ್ತಿ ಜನ ಹೋದರು.

ಗಣಿ ಮುಚ್ಚುವಾಗ ನಕ್ಷೆಯ ಪ್ರತಿ ಸರ್ಕಾರಕ್ಕೆ ಕೊಡಬೇಕು ಅಂತ ನಿಯಮ ಇದೆ. ಆದರೆ ಹಳೇ ಸಣ್ಣ ಗಣಿಗಳ ನಕ್ಷೆಗಳು ಎಷ್ಟೋ ಕಳೆದಿವೆ, ಎಷ್ಟೋ ಅರ್ಧಂಬರ್ಧ ಇವೆ. ನಿಮ್ಮ ತಾತ ಮೂರು ತಿಂಗಳಿಗೊಮ್ಮೆ ಕೆಳಗಿಳಿದು ಅಳೆದು ಬಿಡಿಸಿದ್ದು ಸರ್ಕಾರದ ಹತ್ತಿರ ಇರುವುದಕ್ಕಿಂತ ಪೂರ್ತಿ ಇರಬಹುದು. ಧನ್‌ಬಾದ್‌ನಲ್ಲೇ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮುಖ್ಯ ಕಚೇರಿ ಇದೆ. ಅವರಿಗೆ ಒಂದು ಪ್ರತಿ, ಈಗ ಆ ಪ್ರದೇಶ ನೋಡಿಕೊಳ್ಳುವ ಸರ್ಕಾರಿ ಕಂಪನಿಯ ಸರ್ವೇ ವಿಭಾಗಕ್ಕೆ ಒಂದು ಪ್ರತಿ ಕಳಿಸಿ. ಮೂಲ ಕೊಡಬೇಡಿ, ಅದು ನಿಮ್ಮ ಹತ್ತಿರವೇ ಇರಲಿ. ಜೊತೆಗೆ ಹಾಕುವ ಪತ್ರ ನಾನು ಬರೆದುಕೊಡುತ್ತೇನೆ.

ಬಸವನಗುಡಿ ಮೊಮ್ಮಗಳು

ಖಂಡಿತ ಸಾರ್. ಪುಸ್ತಕ ಆಮೇಲೆ ನೋಡೋಣ, ಮೊದಲು ಇದು. ಬಟ್ಟೆ ನಕ್ಷೆ ಊಟದ ಮೇಜಿಗಿಂತ ಉದ್ದ ಇದೆ, ಮಡಿಕೆ ಬಿದ್ದ ಕಡೆ ಇಂಕು ಉದುರುತ್ತಿದೆ. ಮಾಮೂಲಿ ಜೆರಾಕ್ಸ್ ಅಂಗಡಿಯಲ್ಲಿ ಆಗಲ್ಲ. ಯಾರಾದರೂ ಸಹಾಯ ಮಾಡ್ತೀರಾ?

ಕೆಜಿಎಫ್ ಹುಡುಗ, ಈಗ ಕೆ.ಆರ್. ಪುರ

ಅಕ್ಕ, ನಾನು ಕಟ್ಟಡದ ಡ್ರಾಯಿಂಗ್ ಕೆಲಸದಲ್ಲಿದ್ದೇನೆ. ದೊಡ್ಡ ಹಾಳೆ ಸ್ಕ್ಯಾನ್ ಮಾಡೋರು ಗೊತ್ತು. ಆದ್ರೆ ರೋಲರ್ ಇರೋ ಮೆಷಿನ್‌ಗೆ ಹಳೇ ಬಟ್ಟೆ ಕೊಡಬಾರದು, ಎಳೆದು ಹರಿದುಬಿಡುತ್ತೆ. ಚಪ್ಪಟೆ ಹಾಸಿ ಮೇಲಿನಿಂದ ಫೋಟೋ ತೆಗೆಯೋ ಕಡೆ ಹೋಗೋಣ. ನಕ್ಷೆಯ ಸ್ಕೇಲ್, ಉತ್ತರ ದಿಕ್ಕಿನ ಬಾಣ, ಮೂಲೆಯ ತಾರೀಕು ಮೂರೂ ಫೋಟೋದಲ್ಲಿ ಬರಲೇಬೇಕು. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟೇ ತೆಗೆಯೋಣ, ಬಟ್ಟೆ ಕುಗ್ಗಿದ್ದರೆ ಅವರು ಲೆಕ್ಕ ಹಾಕಿಕೊಳ್ಳಬಹುದು. ಶನಿವಾರ ಗಾಂಧಿಬಜಾರಿಗೆ ಬರ್ತೀನಿ. ಅಲ್ಲಿವರೆಗೂ ಮಡಿಸಬೇಡಿ, ದಪ್ಪ ರಟ್ಟಿನ ಕೊಳವೆಗೆ ಸುತ್ತಿಡಿ, ಇಂಕಿನ ಕಡೆ ಹೊರಗೆ ಇರಲಿ.